ಉಮಾಳ ಅಂಗಿಗಳ ಬೆಲೆ

ಸಿಂಧನೂರು
೧೪ ಏಪ್ರಿಲ್ ೨೦೨೪

ಶಿವಗಂಗಾಳಿಗೆ,

ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ಉಮಾ ಆರಾಮ ಇದ್ದಾಳೆ. ನೀನು ಉಡಿಕೆಯಾಗಿ, ಎರಡನೆಯ ಗಂಡನ ಮನೆಗೆಂದು ಮಸ್ಕಿಗೆ ಹೋದ ಮೇಲೆ ಈ ಮನೆಯಿಂದ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಬರೆಯುವ ಕೆಲಸ ಇಷ್ಟು ದಿನ ಬಂದಿರಲಿಲ್ಲ, ಈಗ ಬಂದಿದೆ.

ಹಳೆ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಡುವ ಗುಲ್ಷನ್‌ಬೀ ಯುಗಾದಿಯ ಮರುದಿನ ಬಂದಿದ್ದಳು. ಉಮಾಳ ಟ್ರಂಕು ತೆಗೆದು ತೋರಿಸಿದೆ. ತಳದಲ್ಲಿ ನೀನು ತುಂಬಿಟ್ಟು ಹೋದದ್ದು, ಅದರ ಮೇಲೆ ನಾನು ತುಂಬಿದ್ದು. ಹುಟ್ಟಿದಾಗಿನಿಂದ ಇಲ್ಲಿಯವರೆಗಿನ ಅರಿವೆಯೆಲ್ಲ ಅದರಲ್ಲಿದೆ. ಗುಲ್ಷನ್‌ಬೀ ಒಂದೊಂದೇ ಎತ್ತಿ ಬೆಳಕಿಗೆ ಹಿಡಿದು, ಎಳೆದು ನೋಡಿ, ಕೊನೆಗೆ ಇಡೀ ಟ್ರಂಕಿಗೆ ಒಂದು ಬೋಗಾಣಿ, ಎರಡು ತಾಟು ಎಂದಳು. 'ಇಷ್ಟ ಬರ್ತೈತ್ರಿ ಅವ್ವಾರ. ಸಣ್ಣ ಹುಡುಗರ ಬಟ್ಟಿ ನೆಲ ಒರಸಾಕ ಸೈತ ಸಾಲಂಗಿಲ್ಲ' ಎಂದಳು. ನನ್ನ ಮಗನ ಮಗಳು ಆರು ವರ್ಷ ಬೆಳೆದದ್ದಕ್ಕೆ ಒಂದು ಬೋಗಾಣಿ! ಟ್ರಂಕು ಮುಚ್ಚಿದೆ.

ಸುಮ್ಮನೆ ಯಾರಿಗಾದರೂ ಕೊಡಬಹುದಲ್ಲ ಎನ್ನುತ್ತೀ. ಕೊಟ್ಟು ನೋಡಿದ್ದೇನೆ. ಹೋದ ವರ್ಷ ಕೊಟ್ಟ ಸ್ವೆಟರು ಎಮ್ಮೆಯ ಮೈ ತಿಕ್ಕುವ ಅರಿವೆಯಾಯಿತು. ಹತ್ತು ರೂಪಾಯಿಯಾದರೂ ಕೊಟ್ಟು ಒಯ್ದವರು ಒಗೆದು ಮಡಚಿಡುತ್ತಾರೆ. ಅದಕ್ಕೇ ಮಾರುತ್ತೇನೆ. ನನ್ನ ಮಗ ಸಂಗನಬಸವ ಟ್ರ್ಯಾಕ್ಟರಿನ ಸಮೇತ ಕಾಲುವೆಗೆ ಬಿದ್ದು ತೀರಿಕೊಂಡ ಮೇಲೆ ನಾವು ಇನ್ನೊಂದು ಟ್ರ್ಯಾಕ್ಟರು ಕೊಂಡಿಲ್ಲ, ಶೆಡ್ಡು ಖಾಲಿಯೇ ಇದೆ. ಭತ್ತದ ಕೊಯ್ಲು ಮುಗಿದ ಮೇಲೆ, ಮೇ ತಿಂಗಳ ಒಂದು ಭಾನುವಾರ, ಅಲ್ಲಿ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ ತೂಗುಹಾಕುತ್ತೇನೆ. ಕಾಲುವೆಯ ಆಚೆ ನೆಲೆಸಿರುವ ಕ್ಯಾಂಪಿನ ಹೆಣ್ಣುಮಕ್ಕಳು ಬರುತ್ತಾರೆ.

ಅದರಲ್ಲಿ ನಿನ್ನ ತವರಿನವರು ಲಿಂಗಸುಗೂರಿನಿಂದ ತೊಟ್ಟಿಲಿಗೆಂದು ತಂದವು ಕೆಲವಿವೆ. ಅವನ್ನು ಕೇಳದೆ ಮಾರಲು ನನಗೆ ಹಕ್ಕಿಲ್ಲ. ಯಾವುದಕ್ಕೆ ಎಷ್ಟು ಎಂದು ನೀನೇ ಬೆಲೆ ಬರೆ. ವಾಪಸು ಬೇಕಿದ್ದರೆ ಅದನ್ನಾದರೂ ಬರೆ, ಗಂಟು ಕಟ್ಟಿ ಕಳಿಸುತ್ತೇನೆ.

ಫೋನು ಮಾಡಬೇಡ. ಫೋನಿನಲ್ಲಿ ನೀನು ಅಳುತ್ತೀ, ನಾನು ರೇಗುತ್ತೇನೆ, ಕೆಲಸ ಆಗುವುದಿಲ್ಲ. ಗುಲ್ಷನ್‌ಬೀ ಮಸ್ಕಿಯ ಸಂತೆಗೂ ಬರುತ್ತಾಳೆ. ಅವಳ ಕೈಯಲ್ಲಿ ಉತ್ತರ ಕೊಡು.

ವೀರಭದ್ರಮ್ಮ


ಮಸ್ಕಿ
೧೮ ಏಪ್ರಿಲ್ ೨೦೨೪

ಪೂಜ್ಯ ಅತ್ತೆಯವರಿಗೆ ಶಿವಗಂಗಾ ಮಾಡುವ ಶರಣು.

ಕಾಗದ ಮುಟ್ಟಿತು. ಗುಲ್ಷನ್‌ಬೀ ಬಂದಾಗ ನಾನು ನಮ್ಮ ಗೊಬ್ಬರದ ಅಂಗಡಿಯಲ್ಲಿ ಕೂತಿದ್ದೆ. ಇವರು ಗೋದಾಮಿಗೆ ಹೋಗಿದ್ದರು. ನಿಂತು ಓದಿದೆ, ಕೂತು ಓದಿದೆ. ಯೂರಿಯಾ ಕೇಳಿದ ರೈತನಿಗೆ ಬೇರೆ ಚೀಲ ತೋರಿಸಿ ಬೈಸಿಕೊಂಡೆ.

ಉಮಾ ಆರಾಮ ಇದ್ದಾಳೆ ಎಂದು ಒಂದೇ ಸಾಲು ಬರೆದಿದ್ದೀರಿ. ಆರಾಮ ಎಂದರೆ ಹೇಗೆ? ಹಲ್ಲು ಬಿದ್ದಿವೆಯೇ? ಮಳೆಗಾಲದಲ್ಲಿ ಬರುತ್ತಿದ್ದ ಕೆಮ್ಮು ಹೋದ ವರ್ಷವೂ ಬಂದಿತ್ತೇ? ಇದೆಲ್ಲ ಕೇಳಬಾರದೇನೋ. ಬೆಲೆಯ ಮಾತಿಗೇ ಬರುತ್ತೇನೆ.

ಹಳದಿ ಫ್ರಾಕಿಗೆ ನಾನೂರು. ಅದರ ಕೊರಳಿನ ಕಸೂತಿ ನಮ್ಮವ್ವ ಹಾಕಿದ್ದು. ಕೂಸಿನ ತಲೆಗೆ ಕಟ್ಟುವ ಕುಂಚಿಗೆಗೆ ಐದು ನೂರು. ಬಾತುಕೋಳಿ ಚಿತ್ರದ ಅಂಗಿಗೆ ಮುನ್ನೂರಕ್ಕಿಂತ ಕಡಿಮೆ ಬೇಡ. ನಾನು, ಉಮಾಳ ಅಪ್ಪ ಇಬ್ಬರೂ ಲಿಂಗಸುಗೂರಿನಿಂದ ಬರುವಾಗ ಬಸ್ಸು ಬಳಗಾನೂರಿನಲ್ಲಿ ಕೆಟ್ಟು ನಿಂತಿತ್ತು. ಅವರು ಇಳಿದು ಹೋದರು, ನೀರಿಗೆ ಹೋದರು ಎಂದುಕೊಂಡೆ. ಒಂದು ಸಣ್ಣ ಅಂಗಡಿಯಿಂದ ಆ ಅಂಗಿ ಹಿಡಿದುಕೊಂಡು ಬಂದರು. ಆಗಿನ್ನೂ ಉಮಾ ಹುಟ್ಟಿರಲಿಲ್ಲ. ಹುಡುಗನೋ ಹುಡುಗಿಯೋ ಗೊತ್ತಿಲ್ಲದೆ ತಂದಿರಲ್ಲ ಎಂದರೆ, ಬಾತುಕೋಳಿಗೆ ಅದೆಲ್ಲ ತಿಳಿಯುವುದಿಲ್ಲ ಎಂದರು. ಜರಿ ಅಂಚಿನ ಲಂಗ, ಜಂಪರು ಎರಡಕ್ಕೂ ಸೇರಿ ಆರು ನೂರು. ಉಲನ್ ಟೊಪ್ಪಿಗೆಗೆ ಇನ್ನೂರು. ಈ ಬೆಲೆಗಿಂತ ಒಂದು ರೂಪಾಯಿ ಕಡಿಮೆಗೂ ಕೊಡಬೇಡಿರಿ.

ವಾಪಸು ಬೇಡ. ಇಲ್ಲಿ ಇಡಲು ಜಾಗವಿಲ್ಲ. ನಾನು ಆರಾಮ ಇದ್ದೇನೆ. ವಿಶೇಷ ಏನೂ ಇಲ್ಲ.

ಒಂದು ಮಾತು. ಈಗ ಅವಳ ಭುಜದಿಂದ ಮೊಣಕಾಲಿಗೆ ಎಷ್ಟು ಗೇಣು ಆಗುತ್ತದೆ ಎಂದು ತಿಳಿಸಿದರೆ, ಉಳಿದ ಬಟ್ಟೆಗೂ ಬೆಲೆ ಹೇಳಲು ಅನುಕೂಲ. ಮಾವನವರಿಗೆ ಶರಣು ಹೇಳಿರಿ. ಗುಲ್ಷನ್‌ಬೀ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾಳೆ.

ಶಿವಗಂಗಾ


ಸಿಂಧನೂರು
೨೩ ಏಪ್ರಿಲ್ ೨೦೨೪

ಶಿವಗಂಗಾಳಿಗೆ,

ನಿನ್ನ ಬೆಲೆ ಓದಿದೆ. ಬಜಾರಿನ ದೊಡ್ಡ ಅಂಗಡಿಯಲ್ಲಿ ಹೊಸ ಫ್ರಾಕು ನಾನೂರಕ್ಕೆ ಸಿಗುತ್ತದೆ, ಮೇಲೆ ಒಂದು ಕೈಚೀಲವನ್ನೂ ಕೊಡುತ್ತಾರೆ. ಗೊಬ್ಬರದ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು ನಿನ್ನ ಬಾಯಿ ದೊಡ್ಡದಾಗಿದೆ.

ಬಟ್ಟೆಗೆ ಬೆಲೆ ಕಟ್ಟುವುದು ಯಾರು ತಂದರು, ಎಲ್ಲಿ ಬಸ್ಸು ಕೆಟ್ಟಿತ್ತು ಎಂಬುದರ ಮೇಲಲ್ಲ. ಇನ್ನೆಷ್ಟು ದಿನ ತಡೆಯುತ್ತದೆ ಎಂಬುದರ ಮೇಲೆ. ಕೊಳ್ಳುವವಳಿಗೆ ಇಲಾಸ್ಟಿಕ್ ಬಿಗಿಯಾಗಿರಬೇಕು, ಗುಂಡಿ ಪೂರ್ತಿ ಇರಬೇಕು, ಮಡಿಕೆ ಬಿಚ್ಚಿದರೆ ಮುಂದಿನ ವರ್ಷಕ್ಕೂ ಆಗಬೇಕು. ಹಳದಿ ಫ್ರಾಕಿನ ಬೆನ್ನಿಗೆ ಮಾವಿನಹಣ್ಣಿನ ಕಲೆಯಿದೆ. ನಲವತ್ತು. ಬಾತುಕೋಳಿಗೆ ಮೂವತ್ತು. ಟೊಪ್ಪಿಗೆಗೆ ಹತ್ತೇ, ಈ ಊರಿನಲ್ಲಿ ಚಳಿ ಎಷ್ಟು ದಿನ ಇರುತ್ತದೆ? ಕುಂಚಿಗೆ ತವರಿನದು, ಅದಕ್ಕೆ ನಾನು ಬೆಲೆ ಕಟ್ಟುವುದಿಲ್ಲ, ಬದಿಗಿಟ್ಟಿದ್ದೇನೆ.

ಉಳಿದವು ನಾನೇ ತಂದವು, ನಿನ್ನನ್ನು ಕೇಳುವ ಅಗತ್ಯವಿಲ್ಲ. ಹೋದ ಚಳಿಗಾಲದ ಕೆಂಪು ಸ್ವೆಟರು, ಹುಟ್ಟುಹಬ್ಬದ ಎರಡು ಫ್ರಾಕು, ಈ ಯುಗಾದಿಯ ಹಸಿರು ಲಂಗ. ಹಸಿರು ಲಂಗಕ್ಕೆ ನೂರಾ ಐವತ್ತು ಬಂದರೂ ಬರಬಹುದು, ಎರಡೇ ಸಲ ಒಗೆದದ್ದು.

ಗೇಣು ಅಳೆದು ಕಳಿಸುವಷ್ಟು ಬಿಡುವಿಲ್ಲ. ಮುಂದಿನ ಎರಡು ಹಲ್ಲು ಬಿದ್ದಿವೆ.

ಇನ್ನೊಂದು ಮಾತು. ನಿನಗೆ ಮಸ್ಕಿಯಲ್ಲಿ ಒಬ್ಬ ಅತ್ತೆ ಇದ್ದಾರೆ. ಒಬ್ಬಳಿಗೆ ಇಬ್ಬರು ಅತ್ತೆಯರು ಬೇಡ. ನನಗೆ ಬರೆಯುವಾಗ ಬೇರೆ ಏನಾದರೂ ಬರೆ.

ವೀರಭದ್ರಮ್ಮ


ಮಸ್ಕಿ
೨೪ ಏಪ್ರಿಲ್ ೨೦೨೪

ಅತ್ತೆಯವರಿಗೆ,

ಬೇರೆ ಏನು ಬರೆಯಬೇಕೋ ಗೊತ್ತಾಗಲಿಲ್ಲ, ಅದನ್ನೇ ಬರೆದಿದ್ದೇನೆ. ಬೈಯಬೇಡಿರಿ.

ಎರಡೇ ಸಲ ಒಗೆದ ಲಂಗ ಮಾರುವುದೇಕೆ? ಯುಗಾದಿಗೆ ತಂದದ್ದು ಅವಳಿಗೆ ಇನ್ನೂ ಬರುತ್ತದಲ್ಲ. ಸ್ವೆಟರು ಬರುವ ಚಳಿಗಾಲಕ್ಕೂ ಆಗುತ್ತದೆ. ಬೆಳಿಗ್ಗೆಯಿಂದ ಇದೇ ತಲೆಯಲ್ಲಿ ತಿರುಗುತ್ತಿದೆ. ಹಾಲು ಉಕ್ಕಿಸಿದೆ, ಬಾಗಿಲಿಗೆ ಹೋಗಿ ಬಂದೆ, ಮತ್ತೆ ಹೋದೆ. ಮಗುವಿನ ಮೈಮೇಲಿನ ಬಟ್ಟೆಯನ್ನೂ ಮಾರುವಷ್ಟು ತೊಂದರೆ ಬಂದಿದೆಯೇ? ಭತ್ತಕ್ಕೆ ರೇಟು ಬರಲಿಲ್ಲವೇ? ನನ್ನ ಹತ್ತಿರ ಎರಡು ಸಾವಿರ ಇದೆ, ಯಾರಿಗೂ ಲೆಕ್ಕ ಹೇಳಬೇಕಾಗಿಲ್ಲ. ಇದರ ಜೊತೆಗೇ ಇಟ್ಟಿದ್ದೇನೆ. ದಯವಿಟ್ಟು ಲಂಗ ಮಾರಬೇಡಿರಿ.

ಶಿವಗಂಗಾ


ಮಸ್ಕಿ
೨೪ ಏಪ್ರಿಲ್, ಸಂಜೆ

ಅತ್ತೆಯವರಿಗೆ,

ದುಡ್ಡು ಇಟ್ಟದ್ದು ತಪ್ಪಾಯಿತು ಎಂದು ಗುಲ್ಷನ್‌ಬೀ ಬಸ್ಸು ಹತ್ತಿದ ಮೇಲೆ ಹೊಳೆಯಿತು. ಬಸ್ ಸ್ಟ್ಯಾಂಡಿಗೆ ಓಡಿದೆ, ಸಿಗಲಿಲ್ಲ. ಇದನ್ನು ಅಂಚೆಗೆ ಹಾಕುತ್ತಿದ್ದೇನೆ. ಇದು ಮೊದಲು ಮುಟ್ಟಲಿ ಎಂದು ಬೇಡಿಕೊಳ್ಳುತ್ತೇನೆ. ಮೊದಲಿನದನ್ನು ಓದದೆ ಹರಿದುಬಿಡಿರಿ.

ಶಿವಗಂಗಾ


ಸಿಂಧನೂರು
೩೦ ಏಪ್ರಿಲ್ ೨೦೨೪

ಶಿವಗಂಗಾ,

ಹರಿಯಲಿಲ್ಲ, ಓದಿದೆ. ನಿನ್ನ ಎರಡು ಸಾವಿರ ಇದರೊಳಗೆ ಇದೆ, ಎಣಿಸಿಕೋ. ಈ ಮನೆಯಲ್ಲಿ ಮೂರು ಹೊತ್ತು ಒಲೆ ಉರಿಯುತ್ತದೆ. ನಾವು ಕೇಳಿದರೆ ಮನೆ ಬಾಗಿಲಿಗೆ ತಂದು ಕೊಡುವವರು ಸಿಂಧನೂರಿನಲ್ಲೇ ಇದ್ದಾರೆ. ಕೇಳುವುದಿಲ್ಲ, ಅದು ಬೇರೆ ಮಾತು.

ಲಂಗ ಯಾಕೆ ಮಾರುತ್ತೇನೆ ಎಂದು ಕೇಳಿದೆಯಲ್ಲ, ತಿಳಿದುಕೋ. ಜೂನ್ ತಿಂಗಳಿಂದ ಉಮಾ ಲಿಂಗಸುಗೂರಿನ ಒಂದು ವಸತಿ ಶಾಲೆಗೆ ಹೋಗುತ್ತಾಳೆ. ಅಲ್ಲಿ ಯುನಿಫಾರ್ಮು, ಮನೆಯ ಬಟ್ಟೆ ಎರಡೇ ಜೊತೆ. ಅವಳು ರಜೆಗೆ ಬರುವ ಹೊತ್ತಿಗೆ ಇವು ಯಾವೂ ಬರುವುದಿಲ್ಲ. ಟ್ರಂಕೂ ಅವಳ ಜೊತೆಗೇ ಹೋಗಬೇಕು.

ನಿನ್ನ ಮಾವನಿಗೆ ಸಂಕ್ರಾಂತಿ ಕಳೆದ ಮೇಲೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಬರುವುದಿಲ್ಲ, ಮಾತು ಅರ್ಧ ತಿಳಿಯುತ್ತದೆ, ಅರ್ಧ ಇಲ್ಲ. ಅವರನ್ನು ಎತ್ತಿ ಕೂರಿಸಿ, ತಿನ್ನಿಸಿ, ಒರೆಸಿ ಬರುವಷ್ಟರಲ್ಲಿ ಹುಡುಗಿ ಬೀದಿಗೆ ಹೋಗಿರುತ್ತಾಳೆ. ಒಂದು ದಿನ ಕಾಲುವೆಯ ದಂಡೆಯಲ್ಲಿ ಸಿಕ್ಕಳು. ಅಪ್ಪನ ಟ್ರ್ಯಾಕ್ಟರು ಬಿದ್ದ ಜಾಗ ಯಾವುದು ಎಂದು ನೋಡಲು ಹೋಗಿದ್ದಳಂತೆ. ಅವತ್ತೇ ನಾನು ನಿಶ್ಚಯ ಮಾಡಿದೆ. ಬೇಲಿಯಿರುವ ಜಾಗದಲ್ಲಿ ಇರಲಿ.

ನಿನಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀ. ನೀನು ನನಗೆ ಏನು ಹೇಳಿದ್ದೀ? ವಿಶೇಷ ಏನೂ ಇಲ್ಲ ಎಂದು ಬರೆದೆ. ನೀನು ಬಸುರಿಯೆಂದು ಶಿವರಾತ್ರಿಯ ಹೊತ್ತಿಗೇ ಗುಲ್ಷನ್‌ಬೀ ಹೇಳಿದ್ದಾಳೆ. ನನಗೆ ಸಂತೋಷವೇ ಆಯಿತು, ಕೆಟ್ಟದ್ದೇನೂ ಅನಿಸಲಿಲ್ಲ. ಹೊಸ ಮನೆಯಲ್ಲಿ ಹೊಸ ಕೂಸು ಬರುವಾಗ ಹಳೆಯದನ್ನು ತಂದು ಹೊಸ್ತಿಲಲ್ಲಿ ಕೂರಿಸಬಾರದು. ನಿನ್ನ ಉಡಿಕೆಯ ಮುಂಚೆ ಹಿರಿಯರು ಕೂತು ಆಡಿದ ಮಾತೂ ಅದೇ. ಹುಡುಗಿ ತಂದೆಯ ಮನೆಯದು, ನೀನು ಕೈ ತೊಳೆದು ಹೋಗಬೇಕು ಎಂದಾಗ ನೀನು ಹೂಂ ಎಂದಿದ್ದೀ.

ಮಾರುವ ದಿನ ಮೇ ಹನ್ನೆರಡು. ಬರಬೇಡ. ಅವಳಿಗೆ ಈಗ ಅಭ್ಯಾಸವಾಗಿದೆ.

ವೀರಭದ್ರಮ್ಮ


ಮಸ್ಕಿ
೩ ಮೇ ೨೦೨೪

ಅತ್ತೆಯವರಿಗೆ,

ಶಾಲೆಗೆ ಫೀಸು ಕಟ್ಟಬೇಡಿರಿ. ಕಟ್ಟಿದ್ದರೆ ಎಷ್ಟು ಎಂದು ತಿಳಿಸಿರಿ. ಬೇಡ, ತಿಳಿಸಬೇಡಿರಿ. ನಾನು ಇನ್ನೂ ಇವರ ಹತ್ತಿರ ಮಾತಾಡಿಲ್ಲ. ಊಟಕ್ಕೆ ಬಡಿಸುವಾಗ ಹೇಳಬೇಕೆಂದುಕೊಳ್ಳುತ್ತೇನೆ, ಅಷ್ಟರಲ್ಲಿ ಅವರು ಕೈ ತೊಳೆದಿರುತ್ತಾರೆ. ಸ್ವಲ್ಪ ತಡೆಯಿರಿ. ಅಷ್ಟೇ ಕೇಳುತ್ತೇನೆ.

ಮಾವನವರ ಎಡಗೈಗೆ ಸ್ವಲ್ಪವಾದರೂ ಬಲ ಬಂದಿದೆಯೇ, ಅದನ್ನು ಬರೆಯಿರಿ.

ಶಿವಗಂಗಾ


ಮಸ್ಕಿ
೮ ಮೇ ೨೦೨೪

ಅತ್ತೆಯವರಿಗೆ ಶರಣು.

ಹೇಳಿದೆ. ಭಾನುವಾರ ಅಂಗಡಿ ಬಾಗಿಲು ಹಾಕುವಾಗ, ಶಟರು ಅರ್ಧ ಇಳಿದಿತ್ತು, ಹಾಗೇ ನಿಲ್ಲಿಸಿ ಹೇಳಿದೆ. ನನಗೆ ಮಗಳಿದ್ದಾಳೆ ಎನ್ನುವುದು ಇವರಿಗೆ ಗೊತ್ತಿರುವ ಸಂಗತಿಯೇ. ಆದರೆ ಅವಳು ನನಗೆ ಬೇಕು ಎಂದು ನಾನು ಒಂದು ದಿನವೂ ಬಾಯಿಬಿಟ್ಟಿರಲಿಲ್ಲ. ಇವರಿಗೂ ಇದು ಎರಡನೆಯ ಸಂಬಂಧ, ಮೊದಲಿನವರು ಮಕ್ಕಳಿಲ್ಲದೆ ತೀರಿಕೊಂಡರು. ಹಿಂದಿನ ಮಾತು ಎತ್ತಿದರೆ ಇಬ್ಬರಿಗೂ ನೋವು ಎಂದು ಇಬ್ಬರೂ ಎತ್ತುತ್ತಿರಲಿಲ್ಲ.

ಇವರು ಶಟರು ಪೂರ್ತಿ ಎಳೆದು ಬೀಗ ಹಾಕಿದರು. ಮರುದಿನವೂ ಆ ಮಾತು ಎತ್ತಲಿಲ್ಲ. ನಾನು ಒಳಗೆ ಹೊರಗೆ ತಿರುಗಿದ್ದೇ ತಿರುಗಿದ್ದು. ಡಾಕ್ಟರು ಹೆಚ್ಚು ನಡೆಯಬೇಡ ಎಂದಿದ್ದಾರೆ, ಕೂತರೆ ಕೂರಲಾಗುವುದಿಲ್ಲ. ಆಮೇಲೆ ಇವರು ತಮ್ಮ ತಾಯಿಗೆ ಹೇಳಿದರು. ಶೇಖಮ್ಮತ್ತೆ ಕೆಟ್ಟವರಲ್ಲ, ಆದರೆ ಅವರು ಮೊದಲ ಮೊಮ್ಮಗುವಿಗಾಗಿ ಬಹಳ ವರ್ಷ ಕಾದಿದ್ದಾರೆ. 'ನಮ್ಮ ಮನಿಯಾಗ ಮೊದಲನೇ ಕೂಸು ಆಡೂ ಹೊತ್ತಿಗಿ ಇನ್ನೊಬ್ಬರ ಕೂಸು ಬಂದು ಕುಂತ್ರ, ನಮ್ಮದು ಎರಡನೇದಾಗ್ತೈತಿ' ಎಂದರು.

ಅದಕ್ಕೆ ಇವರು ಹೇಳಿದ್ದು ಇಷ್ಟು: 'ನೋಡೇ ಇಲ್ಲದ ಹುಡುಗಿ ಬಗ್ಗಿ ನಾ ಹೂಂ ಅಂತ ಹ್ಯಾಂಗ ಅನ್ಲಿ, ಊಹೂಂ ಅಂತ ಹ್ಯಾಂಗ ಅನ್ಲಿ. ಮೊದಲು ನೋಡಿ ಬರೂಣು.'

ಇದರಿಂದ ಏನು ತಿಳಿಯಬೇಕೋ ನನಗೆ ಗೊತ್ತಾಗುತ್ತಿಲ್ಲ. ದನ ನೋಡಲು ಹೋಗುವಂತೆ ಹೋಗಿ, ಬೇಡ ಎಂದು ಬಂದುಬಿಟ್ಟರೆ? ಹನ್ನೆರಡನೆಯ ತಾರೀಖು ನಾವಿಬ್ಬರೂ ಬರಬಹುದೇ? ನೀವು ಬೇಡವೆಂದು ಬರೆದಿದ್ದೀರಿ. ಆದರೂ ಕೇಳುತ್ತಿದ್ದೇನೆ.

ಶಿವಗಂಗಾ


ಸಿಂಧನೂರು
೧೦ ಮೇ ೨೦೨೪

ಶಿವಗಂಗಾಳಿಗೆ,

ಬನ್ನಿ. ಆದರೆ ಕೊಳ್ಳುವವರ ಹಾಗೆ ಬನ್ನಿ. ಅವಳನ್ನು ಒಯ್ಯಲು ಬಂದಿದ್ದೀರಿ ಎಂದು ತಿಳಿದು, ಆಮೇಲೆ ಬಿಟ್ಟುಹೋದರೆ, ಆ ಹುಡುಗಿಯನ್ನು ಎರಡನೆಯ ಸಲ ಸಮಾಧಾನ ಮಾಡಲು ನನ್ನ ಕೈಲಾಗುವುದಿಲ್ಲ. ಮೊದಲ ಸಲ ಹೇಗೆ ಮಾಡಿದೆ ಎಂದು ನನಗೇ ಗೊತ್ತು. ಮಸ್ಕಿಯ ಅವ್ವ ಬಟ್ಟೆ ಕೊಳ್ಳಲು ಬರುತ್ತಾಳೆ ಎಂದೇ ಅವಳಿಗೆ ಹೇಳಿರುತ್ತೇನೆ.

ಶೆಡ್ಡಿನಲ್ಲಿ ಅಳಬೇಡ. ಓಡಿಹೋಗಿ ಅಪ್ಪಿಕೊಳ್ಳಬೇಡ. ಅವಳಾಗಿ ಬಂದರೆ ಸರಿ. ಬಿಸಿಲು ಏರುವ ಮುಂಚೆ ಬನ್ನಿ, ಹೊಟ್ಟೆಯಲ್ಲಿ ಕೂಸಿದೆ. ಊಟ ನಮ್ಮಲ್ಲೇ.

ವೀರಭದ್ರಮ್ಮ


ಮಸ್ಕಿ
೧೩ ಮೇ ೨೦೨೪

ಅತ್ತೆಯವರಿಗೆ ಶರಣು.

ನೀವು ಹೇಳಿದಂತೆಯೇ ನಡೆದುಕೊಂಡೆ. ಅಳಲಿಲ್ಲ. ಅಳುವ ಸಂದರ್ಭವನ್ನೇ ಅವಳು ಕೊಡಲಿಲ್ಲ.

ಎಷ್ಟು ಎತ್ತರವಾಗಿದ್ದಾಳೆ. ಸ್ಟೂಲಿನ ಮೇಲೆ ಕೂತು ಕ್ಯಾಂಪಿನ ಹೆಂಗಸರಿಗೆ ತಾನೇ ಬೆಲೆ ಹೇಳುತ್ತಿದ್ದಳಲ್ಲ, ಅವರಪ್ಪ ಭತ್ತದ ದಲಾಲಿಗಳ ಜೊತೆ ಮಾತಾಡುತ್ತಿದ್ದ ಹಾಗೇ, ಗದ್ದ ಎತ್ತಿ. ನನ್ನನ್ನು ನೋಡಿದಳು. ಗುರುತು ಸಿಗಲಿಲ್ಲವೇನೋ ಎಂದುಕೊಂಡೆ. ಸಿಕ್ಕಿತ್ತು. ನನ್ನ ಹೊಟ್ಟೆಯನ್ನು ನೋಡಿ, ಮುಖ ನೋಡಿ, ತಿರುಗಿ ನಿಮ್ಮ ಸೆರಗು ಹಿಡಿದುಕೊಂಡು ನಿಂತಳು. ನಾನು ಹಳದಿ ಫ್ರಾಕು ಕೈಗೆತ್ತಿಕೊಂಡರೆ, ಅದು ಮಾರೂದಲ್ಲ ಎಂದಳು. ಟೊಪ್ಪಿಗೆ ಮುಟ್ಟಿದರೆ ಅದೂ ಮಾರುವುದಲ್ಲ. ಪಕ್ಕದಲ್ಲಿದ್ದ ಹೆಂಗಸಿಗೆ ಅದೇ ಟೊಪ್ಪಿಗೆಯನ್ನು ಹತ್ತು ರೂಪಾಯಿಗೆ ಕೊಟ್ಟಳು.

ಅದಕ್ಕೇ ನಾನು ಮಾವನವರನ್ನು ನೋಡುವ ನೆವ ಮಾಡಿ ಒಳಗೆ ಹೋದೆ. ಅವರು ಬಲಗೈ ನನ್ನ ತಲೆಯ ಮೇಲಿಟ್ಟು ಏನೋ ಹೇಳಿದರು, ತಿಳಿಯಲಿಲ್ಲ. ಊಟಕ್ಕೆ ಕೂತಾಗಲೂ ಉಮಾ ಬರಲಿಲ್ಲ. ಹೊರಡುವಾಗಲೂ ಬರಲಿಲ್ಲ.

ಬಸ್ಸಿನಲ್ಲಿ ಇವರು ತೊಡೆಯ ಮೇಲೆ ಒಂದು ಪೇಪರಿನ ಪೊಟ್ಟಣ ಇಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಿದ್ದರು. ಕೇಳುವ ಧೈರ್ಯವಾಗಲಿಲ್ಲ.

ಅವಳಿಗೆ ನಾನು ಬೇಡ. ಬಲವಂತ ಮಾಡುವುದಿಲ್ಲ. ಲಿಂಗಸುಗೂರಿನಲ್ಲಿ ನನ್ನ ಅಣ್ಣ ನರಸಣ್ಣ ಇದ್ದಾನೆ, ವಾರಕ್ಕೊಮ್ಮೆ ಶಾಲೆಗೆ ಹೋಗಿ ನೋಡಿಕೊಂಡು ಬರಲು ಹೇಳುತ್ತೇನೆ. ಅಷ್ಟಕ್ಕಾದರೂ ಒಪ್ಪಿಗೆ ಕೊಡಿರಿ.

ಶಿವಗಂಗಾ


ಸಿಂಧನೂರು
೧೫ ಮೇ ೨೦೨೪

ಚಿ. ಸೌ. ಶಿವಗಂಗಾಳಿಗೆ ವೀರಭದ್ರಮ್ಮನ ಆಶೀರ್ವಾದ.

ನೀನು ಕಣ್ಣಿದ್ದು ಕುರುಡಿ. ನಾನೂ ಅಷ್ಟೇ. ಬಟ್ಟೆ ಕೊಳ್ಳಲು ಬರುತ್ತಾಳೆ ಎಂದು ಹುಡುಗಿಗೆ ಹೇಳಿದವಳು ನಾನಲ್ಲವೇ. ಅವಳು ನಿನ್ನ ಹೊಟ್ಟೆ ನೋಡಿದಳು, ನಿನ್ನ ಕೈಯಲ್ಲಿ ತನ್ನ ಹಳದಿ ಫ್ರಾಕು ನೋಡಿದಳು. ತನ್ನ ಬಟ್ಟೆಯನ್ನೆಲ್ಲ ಹೊಸ ಕೂಸಿಗೆ ಒಯ್ಯಲು ಬಂದಿದ್ದಾಳೆ ಎಂದುಕೊಂಡಳು. 'ನನ್ನ ಬಿಟ್ಟು ನನ್ನ ಅಂಗಿ ಒಯ್ಯಾಕ ಬಂದಾಳ' ಎಂದು ಸಂಜೆ ನನ್ನ ಮುಂದೆ ಹೇಳಿ ಅತ್ತಳು. ಕ್ಯಾಂಪಿನವರಿಗಾದರೂ ಕೊಟ್ಟಾಳು, ನಿನಗೆ ಹೇಗೆ ಕೊಡುತ್ತಾಳೆ?

ನೀನು ಒಳಗೆ ಹೋದ ಮೇಲೆ ನಡೆದದ್ದನ್ನು ಕೇಳು. ನಾನು ಹಗ್ಗದ ಆಚೆ ಬದಿ ನಿಂತು ಬಟ್ಟೆ ಮಡಚುತ್ತಿದ್ದೆ, ಅವರಿಬ್ಬರಿಗೂ ಕಾಣುತ್ತಿರಲಿಲ್ಲ. ನಿನ್ನ ಗಂಡ ವಿರೇಶ ಬಂದು ಅವಳ ಸ್ಟೂಲಿನ ಮುಂದೆ ಕೆಳಗೆ ಕೂತ. ಬಾತುಕೋಳಿ ಅಂಗಿ ತೋರಿಸಿ ಎಷ್ಟು ಎಂದ.

'ಮೂವತ್ತು. ಕಮ್ಮಿ ಇಲ್ಲ.'

'ಕೊಡ್ತೀನಿ. ಇದು ನಿನಗ ಬರ್ತೈತೇನು?'

'ಬರಂಗಿಲ್ಲ. ನಾ ಸಣ್ಣಾಕಿ ಇದ್ದಾಗಿಂದದು.'

'ಹಂಗಾರ ನಿನಗ ಬರೂದು ಯಾವುದೈತಿ, ಅದು ತೋರಸು.'

ಅವಳು ಹಸಿರು ಲಂಗದ ಕಡೆ ಕೈ ಮಾಡಿದಳು. ಅವನು ಅದನ್ನು ಇಳಿಸಿಕೊಂಡು, ಇದು ಬೇಕು ಎಂದ. ಹುಡುಗಿ ಅವನನ್ನು ಅನುಮಾನದಿಂದ ನೋಡಿದಳು.

'ಯಾರಿಗಿ? ನಿಮ್ಮ ಮನಿಯಾಗಿನ ಕೂಸಿಗಿ ಇದು ದೊಡ್ಡದಾಗ್ತೈತಿ.'

'ಕೂಸಿಗಲ್ಲ. ಇದರ ಅಳತೀದೊಬ್ಬ ಹುಡುಗಿ ನಮ್ಮ ಮನಿಗೆ ಬಂದ್ರ ಬರಬಹುದು.'

'ಬರಲಿಲ್ಲಂದ್ರ?'

'ಬರಲಿಲ್ಲಂದ್ರ ಇಲ್ಲೇ ತಂದು ಕೊಡ್ತೀನಿ. ರೊಕ್ಕ ವಾಪಸ್ ಕೇಳಂಗಿಲ್ಲ.'

ಅವಳು ಉಗುರು ಕಚ್ಚುತ್ತ, ನೂರಾ ಐವತ್ತು ಎಂದಳು. ಅವನು ಚೌಕಾಶಿ ಮಾಡಲಿಲ್ಲ. ಪೇಪರಿನಲ್ಲಿ ಸುತ್ತಿಸಿಕೊಂಡ. ನಿನ್ನ ಗಂಡನ ತೊಡೆಯ ಮೇಲಿದ್ದ ಪೊಟ್ಟಣ ಅದೇ. ಮನೆಯಲ್ಲಿ ಬೀರುವಿನೊಳಗೆ ಹುಡುಕು, ಅಲ್ಲೇ ಎಲ್ಲೋ ಇರುತ್ತದೆ. ಮಾತಾಡದ ಗಂಡಸರ ಜೊತೆ ಬಾಳುವುದು ಹೇಗೆಂದು ನಾನು ನಿನಗೆ ಹೇಳಿಕೊಡಬೇಕೇ? ಮೂವತ್ತೆಂಟು ವರ್ಷ ನಿನ್ನ ಮಾವನ ಜೊತೆ ಬಾಳಿದ್ದೇನೆ, ನಾಲಿಗೆ ನೆಟ್ಟಗಿದ್ದಾಗಲೂ ಅವರು ಮಾತಾಡಿದವರಲ್ಲ.

ಆ ಕೂಸಿಗೆ ಅವಳ ಬಟ್ಟೆ ಬೇಡ, ನಿನಗೆ ಬೇಕಾಗಿರುವುದು ಅವಳೇ ಎಂದು ನಾನು ಬಿಡಿಸಿ ಹೇಳಿದ್ದೇನೆ. ನಂಬಿದಳೋ ಇಲ್ಲವೋ. ನಿನ್ನೆ ಹಲ್ಲುಜ್ಜುತ್ತ, ಮಸ್ಕಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು. ಮತ್ತೆ ತಾನೇ, ಸುಮ್ಮನೆ ಕೇಳಿದೆ ಎಂದಳು.

ವಸತಿ ಶಾಲೆಗೆ ಬರುವುದಿಲ್ಲ ಎಂದು ತಿಳಿಸಿದ್ದೇನೆ. ನಿನ್ನ ಮಾವನನ್ನು ಕೇಳಿದಾಗ, ಬಲಗೈ ಎತ್ತಿ ಮಸ್ಕಿಯ ದಿಕ್ಕಿಗೆ ತೋರಿಸಿದರು. ಹಿರಿಯರ ಮಾತಿಗೆ ಇಷ್ಟೇ ಸಾಕು, ಈ ಮನೆಯ ಹಿರಿಯರು ಅವರೇ. ನನ್ನ ಷರತ್ತು ಎರಡು. ಅವಳ ಹೆಸರಿನ ಮುಂದೆ ನನ್ನ ಮಗನ ಹೆಸರೇ ಇರಬೇಕು. ದೀಪಾವಳಿ, ಬೇಸಿಗೆ ಎರಡೂ ನಮ್ಮಲ್ಲಿ.

ಕುಂಚಿಗೆ ಬರುವ ಕೂಸಿಗೆ. ಕೊಡಬಹುದೇ ಎಂದು ಉಮಾಳನ್ನೇ ಕೇಳಿದೆ. ನೋಡೂಣು ಎಂದಿದ್ದಾಳೆ.

ಶಾಲೆ ಶುರುವಾಗುವ ಮುಂಚೆ ಬಂದು ಕರೆದುಕೊಂಡು ಹೋಗಿ. ಈ ಸಲ ಓಡಿಬಂದು ಅಪ್ಪಿಕೊ. ನಾನು ಬೇಡ ಎನ್ನುವುದಿಲ್ಲ.

ನಿನ್ನ ಅತ್ತೆ


ಮಸ್ಕಿ
೯ ಜೂನ್ ೨೦೨೪

ಪೂಜ್ಯ ಅತ್ತೆಯವರಿಗೆ, ಮಾವನವರಿಗೆ ಶಿವಗಂಗಾ ಮಾಡುವ ಶರಣು.

ಫೋನಿನಲ್ಲಿ ದಿನವೂ ಅವಳ ಜೊತೆ ಮಾತಾಡುತ್ತೀರಿ, ಆದರೆ ಅವಳ ಮುಂದೆ ಹೇಳಲಾಗದ್ದು ಬಹಳ ಇದೆ. ಅದಕ್ಕೆ ಬರೆಯುತ್ತಿದ್ದೇನೆ.

ನೀವು ತಿಳಿದಷ್ಟು ಸುಲಭವಾಗಿಲ್ಲ. ಮೊದಲ ವಾರ ಚೀಲ ಬಿಚ್ಚಲಿಲ್ಲ. ಬಟ್ಟೆ ಬೇಕಾದಾಗ ಚೀಲದಿಂದ ತೆಗೆಯುವುದು, ಒಗೆದು ಒಣಗಿದ್ದನ್ನು ಮತ್ತೆ ಅದರೊಳಗೇ ಇಡುವುದು. ಬಸ್ಸಿನ ಹಾರನ್ ಕೇಳಿದರೆ ಬಾಗಿಲಿಗೆ ಹೋಗುತ್ತಾಳೆ. ಅವಳು ಹೋದರೆ ನಾನು ಹಿಂದೆ ಹೋಗುತ್ತೇನೆ. ಹೀಗೆ ಇಡೀ ದಿನ ಇಬ್ಬರೂ ಓಡಾಡುವುದು ನೋಡಿ ಶೇಖಮ್ಮತ್ತೆಗೆ ತಲೆ ತಿರುಗಿತಂತೆ. 'ಇಬ್ಬರೂ ಒಂದ ಕಡಿ ಕುಂದರ್ರಿ' ಎಂದು ಗದರಿದರು. ಅವತ್ತಿನಿಂದ ತಲೆ ಬಾಚುವ ಕೆಲಸ ಅವರೇ ತೆಗೆದುಕೊಂಡಿದ್ದಾರೆ. ಬಾಚುವಾಗ ಗೊಣಗುತ್ತಾರೆ, ಆದರೆ ಜಡೆ ಬಿಗಿಯಾಗಿ ಹಾಕುತ್ತಾರೆ. ಅವಳು ಅವರಿಗೆ ಅಜ್ಜಿ ಎನ್ನುತ್ತಾಳೆ. ನೀವು ಮಾತ್ರ ಆಯಿಯಂತೆ.

ಇವರನ್ನು ಅವಳು ಏನೂ ಕರೆಯುವುದಿಲ್ಲ, ಆದರೆ ಅಂಗಡಿಗೆ ಹೋಗಿ ಚೀಲ ಎಣಿಸುತ್ತಾಳೆ. ನನ್ನನ್ನು ಏನೂ ಕರೆಯುವುದಿಲ್ಲ, ನನ್ನ ಹತ್ತಿರವೂ ಬರುವುದಿಲ್ಲ. ಏನಾದರೂ ಬೇಕಿದ್ದರೆ ಎದುರು ಬಂದು ನಿಲ್ಲುತ್ತಾಳೆ. ಅವ್ವಾ ಎನ್ನಲಿ ಎಂದು ನಾನು ಬೇಕೆಂದೇ ಬೇರೆ ಕಡೆ ನೋಡುತ್ತ ಕೂತಿದ್ದೆ. ಅವಳು ತಿರುಗಿ ಹೋಗಿ ತಾನೇ ನೀರು ಬಗ್ಗಿಸಿಕೊಂಡು ಕುಡಿದಳು. ಇದನ್ನು ಫೋನಿನಲ್ಲಿ ಹೇಳಿದ್ದರೆ ನಾನು ಅಳುತ್ತಿದ್ದೆ, ನೀವು ರೇಗುತ್ತಿದ್ದಿರಿ.

ಮೊನ್ನೆ ಶಾಲೆಗೆ ಹೆಸರು ಹಚ್ಚಲು ಮೂವರೂ ಹೋಗಿದ್ದೆವು. ಹೆಡ್ ಟೀಚರು ಕಾಗದ ನೋಡಿದರು. ತಂದೆಯ ಹೆಸರು ಸಂಗನಬಸವ ಎಂದಿತ್ತು. ಇವರನ್ನು ನೋಡಿ, ನೀವೇ ಏನ್ರಿ ಎಂದರು. ಇವರು ಅಲ್ಲ, ನಾನು ವಿರೇಶ ಎಂದರು. ಟೀಚರು ನನ್ನ ಹೊಟ್ಟೆಯನ್ನೂ ಹುಡುಗಿಯನ್ನೂ ನೋಡಿ, ದನಿ ಸಣ್ಣ ಮಾಡಿ ನನ್ನನ್ನು ಕೇಳಿದರು:

'ನೀವು ಈಕಿಗಿ ಮಲತಾಯೇನ್ರಿ?'

ತಪ್ಪು ಅವರದಲ್ಲ, ನೋಡಿದವರಿಗೆ ಹಾಗೇ ಅನಿಸುತ್ತದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಉಮಾ ಟೇಬಲ್ಲಿನ ಅಂಚು ಹಿಡಿದು, ತುದಿಗಾಲಿನ ಮೇಲೆ ನಿಂತಳು. ಇವರ ಕಡೆ ಕೈ ಮಾಡಿ ಹೇಳಿದಳು.

'ಇವರು ಹೊಸಬ್ರು.' ಆಮೇಲೆ ನನ್ನ ಕಡೆ ಕೈ ಮಾಡಿದಳು. 'ಈಕಿ ಮೊದ್ಲಿನಾಕಿನ.'

ನಿಮ್ಮ
ಶಿವಗಂಗಾ